ಬೇಸ್ ಗಿಟಾರ್: ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸು, ಅಂಗಡಿ, ಕಾಲೇಜು ಮುಗಿಸಿ ಸಂಜೆ ಹೊತ್ತು ಬೇಸ್ ಹಿಡಿಯುವವರಿಗಾಗಿ ಬರೆದದ್ದು ಇದು. ಸಂಗೀತದಿಂದಲೇ ಹೊಟ್ಟೆ ಹೊರೆಯುವವರಿಗೆ ಇದೆಲ್ಲ ಗೊತ್ತಿರುವ ವಿಷಯ. ಉತ್ತರಗಳಲ್ಲಿ ನನ್ನ ಅಭಿಪ್ರಾಯಗಳೂ ಧಾರಾಳವಾಗಿ ಬೆರೆತಿವೆ. ಅವೆಲ್ಲದರ ಹಿಂದಿರುವ ನಂಬಿಕೆ ಒಂದೇ: ಯಾವ ಬೇಸ್ ಕೊಳ್ಳಬೇಕು, ಎಷ್ಟು ತಂತಿಯದ್ದು, ಹೇಗೆ ನುಡಿಸಬೇಕು ಎನ್ನುವುದನ್ನು ನಮ್ಮ ಪಕ್ಕದಲ್ಲಿ ಯಾರು ನುಡಿಸುತ್ತಾರೆ, ಯಾರು ಹಾಡುತ್ತಾರೆ ಎನ್ನುವುದೇ ತೀರ್ಮಾನಿಸಬೇಕು.

ಹಾಡು ಕೇಳುವಾಗ ಬೇಸ್ ನನಗೆ ಕೇಳಿಸುವುದೇ ಇಲ್ಲ. ಅದರ ಕೆಲಸವಾದರೂ ಏನು?

ಮೊಬೈಲ್ ಸ್ಪೀಕರಿನಲ್ಲಿ ಕೇಳುತ್ತಿದ್ದರೆ ದೋಷ ನಿಮ್ಮ ಕಿವಿಯದ್ದಲ್ಲ. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ದಪ್ಪ ತಂತಿಯಾದ ಇ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಎ 55, ಡಿ 73, ಜಿ 98. ಫೋನಿನ ಪುಟ್ಟ ಸ್ಪೀಕರ್ ಇಷ್ಟು ಕೆಳಗಿನ ಕಂಪನವನ್ನು ಎತ್ತಿಕೊಡಲಾರದು. ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆಗೇ ಹುಟ್ಟುವ ಎತ್ತರದ ಕಂಪನಗಳು) ಮಾತ್ರ ತೆಳ್ಳಗೆ ಕೇಳಿಸುತ್ತವೆ. ಒಂದು ಸಾಧಾರಣ ಹೆಡ್‌ಫೋನ್ ಹಾಕಿಕೊಂಡು, ಇಳಯರಾಜಾ ಸಂಗೀತ ಕೊಟ್ಟ 80ರ ದಶಕದ ಕನ್ನಡ ಚಿತ್ರಗೀತೆಗಳನ್ನು ಕೇಳಿ. ಗಾಯಕರು ಉಸಿರೆಳೆದುಕೊಳ್ಳುವ ಜಾಗಗಳಲ್ಲಿ ಕೆಳಗೆ ಏನು ಓಡುತ್ತಿದೆ ಎಂದು ಗಮನಿಸಿ. ನಮ್ಮ ಕಾಲದ ಎಷ್ಟೋ ಜನ ಬೇಸ್ ವಾದಕರು ಈ ವಾದ್ಯಕ್ಕೆ ಬಂದದ್ದು ಆ ಹಾಡುಗಳಿಂದಲೇ. ಆಮೇಲೆ ಎ. ಆರ್. ರೆಹಮಾನ್ ಜೊತೆ ಬಹಳ ವರ್ಷ ನುಡಿಸಿದ ಕೀತ್ ಪೀಟರ್ಸ್ ಅವರನ್ನು ಕೇಳಿ, ಮುಂಬೈಯ ಮೋಹಿನಿ ಡೇ ಅವರನ್ನು ಕೇಳಿ.

ಕೆಲಸ ಏನು ಎಂದರೆ: ಡ್ರಮ್ಮಿನ ಕಿಕ್ (ಬಲಗಾಲಿನಿಂದ ಬಾರಿಸುವ ದೊಡ್ಡ ಡ್ರಮ್) ತಾಳ ಹೇಳುತ್ತದೆ, ಕೀಬೋರ್ಡು ಗಿಟಾರುಗಳು ಸ್ವರ ಹೇಳುತ್ತವೆ, ಬೇಸ್ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಅದರ ಕೈಯಲ್ಲಿರುವ ಶಕ್ತಿ ನೋಡಬೇಕಾದರೆ ಒಂದು ಪ್ರಯೋಗ ಮಾಡಿ. ಸ್ನೇಹಿತರೊಬ್ಬರಿಗೆ ಗಿಟಾರಿನಲ್ಲಿ ಸಿ ಮೇಜರ್ ಕಾರ್ಡನ್ನು ಬಿಡದೆ ನುಡಿಸುತ್ತಿರಲು ಹೇಳಿ. ನೀವು ಕೆಳಗೆ ಸಿ ಹಿಡಿದರೆ ಅದು ಸಿ ಮೇಜರ್. ಅವರು ಬೆರಳು ಕದಲಿಸದೆ ಇರುವಾಗಲೇ ನೀವು ಎ ಹಿಡಿಯಿರಿ, ಇಡೀ ಕೋಣೆಯಲ್ಲಿ ಎ ಮೈನರ್ ಸೆವೆನ್ ಕೇಳಿಸುತ್ತದೆ. ಹಾಡಿನ ಭಾವ ಬದಲಾಯಿತು, ಬದಲಾಯಿಸಿದ್ದು ನಿಮ್ಮ ಒಂದು ಬೆರಳು.

ಮೊದಲು ಸಾದಾ ಗಿಟಾರ್ ಕಲಿತು ಆಮೇಲೆ ಬೇಸ್‌ಗೆ ಬರಬೇಕೇ?

ಬೇಕಿಲ್ಲ. ಬೇಸ್ ಬೇಕು ಅನ್ನಿಸಿದರೆ ನೇರ ಬೇಸ್ ಹಿಡಿಯಿರಿ. ತಬಲಾ, ಮೃದಂಗ ಅಥವಾ ಡ್ರಮ್ಸ್ ಗೊತ್ತಿರುವವರಿಗೆ ಗಿಟಾರ್ ಗೊತ್ತಿರುವವರಿಗಿಂತ ಬೇಸ್ ಬೇಗ ಒಲಿಯುವುದನ್ನು ನೋಡಿದ್ದೇನೆ.

ಮೊದಲ ಬೇಸ್ ಯಾವುದು ಕೊಳ್ಳಲಿ? ಎಷ್ಟು ದುಡ್ಡು ಬೇಕು?

15ರಿಂದ 25 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಯಮಾಹಾ, ಸ್ಕ್ವಾಯರ್, ಐಬನೆಜ್, ಕಾರ್ಟ್ ಕಂಪನಿಗಳ ಆರಂಭದ ಮಾದರಿಗಳು ಸಿಗುತ್ತವೆ. ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ವರ್ಷಗಟ್ಟಲೆ ಕಲಿಯಬಹುದು, ವೇದಿಕೆಯ ಮೇಲೂ ನುಡಿಸಬಹುದು. ತೀರಾ ಅಗ್ಗದ, ಹೆಸರೇ ಕೇಳಿರದ ಬೇಸ್‌ಗಳ ವಿಷಯದಲ್ಲಿ ನನಗೆ ಹಿಂಜರಿಕೆ ಇದೆ. ಬಣ್ಣ, ಆಕಾರ ಚೆನ್ನಾಗಿಯೇ ಇರುತ್ತವೆ; ಕೈಕೊಡುವುದು ತಂತಿ ಬಿಗಿಸುವ ಕಿವಿ ತಿರುಪುಗಳು ಮತ್ತು ನೆಕ್ (ಎಡಗೈ ಹಿಡಿಯುವ ಉದ್ದನೆಯ ಕತ್ತು). ಶ್ರುತಿ ನಿಲ್ಲದ ವಾದ್ಯದಲ್ಲಿ ಕಲಿಯುವವರು ತಪ್ಪು ತಮ್ಮದೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದೊಂದು ದೊಡ್ಡ ನಷ್ಟ.

ಬಜೆಟ್ ಪೂರ್ತಿ ವಾದ್ಯಕ್ಕೇ ಸುರಿಯಬೇಡಿ. ಒಂದು ಭಾಗವನ್ನು ಸೆಟಪ್ (ನೆಕ್, ತಂತಿಯ ಎತ್ತರ ಹೊಂದಿಸುವುದು) ಮಾಡಿಸಲು, ಒಳ್ಳೆಯ ಕೇಬಲ್, ಟ್ಯೂನರ್, ಅಗಲವಾದ ಪಟ್ಟಿ ಕೊಳ್ಳಲು ಎತ್ತಿಡಿ. ಬೇಸ್‌ಗಳು ಸಾಮಾನ್ಯವಾಗಿ ನಾಲ್ಕು ಕಿಲೋ ತೂಗುತ್ತವೆ. ಎರಡು ಗಂಟೆ ನಿಂತು ನುಡಿಸಿದ ಮೇಲೆ ಅಗಲ ಪಟ್ಟಿಯ ಬೆಲೆ ಭುಜಕ್ಕೆ ಗೊತ್ತಾಗುತ್ತದೆ.

ಪಿ ಬೇಸ್, ಜೆ ಬೇಸ್ ಅಂತಾರಲ್ಲ, ಏನು ವ್ಯತ್ಯಾಸ?

ಪಿ ಎಂದರೆ ಪ್ರೆಸಿಷನ್, ಜೆ ಎಂದರೆ ಜಾಝ್; ಎರಡೂ ಫೆಂಡರ್ ಕಂಪನಿಯ ಮಾದರಿಗಳು. ಇಂದಿನ ಬೇಸ್‌ಗಳಲ್ಲಿ ಬಹುಪಾಲು ಈ ಎರಡರ ಮಕ್ಕಳು, ಮೊಮ್ಮಕ್ಕಳೇ. 1930ರ ದಶಕದಲ್ಲೇ ಸಿಯಾಟಲ್‌ನ ಪಾಲ್ ಟುಟ್‌ಮಾರ್ಕ್ ಫ್ರೆಟ್ (ನೆಕ್ಕಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಇರುವ ವಿದ್ಯುತ್ ಬೇಸ್ ಮಾಡಿದ್ದರು, ಆದರೆ ಅದು ನಾಲ್ಕು ಜನಕ್ಕೆ ತಲುಪಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಪ್ರೆಸಿಷನ್ ಬೇಸ್ ಮಾರುಕಟ್ಟೆಗೆ ತಂದರು. ಅಲ್ಲಿಯವರೆಗೆ ವಾದ್ಯವೃಂದಗಳಲ್ಲಿ ಬೇಸ್ ಎಂದರೆ ಆಳೆತ್ತರದ, ಫ್ರೆಟ್ ಇಲ್ಲದ ಡಬಲ್ ಬೇಸ್. ಅದನ್ನು ಸಾಗಿಸುವುದೂ ಕಷ್ಟ, ಡ್ರಮ್ಮಿನ ಮಧ್ಯೆ ಅದು ಕೇಳಿಸುವುದೂ ಕಷ್ಟ. 34 ಇಂಚಿನ ತಂತಿ ಉದ್ದ, ಫ್ರೆಟ್, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ): ಈ ಮೂರು ಸೇರಿ ಆ ಕಷ್ಟವನ್ನು ಕಳೆದವು. 34 ಇಂಚು ಇವತ್ತಿಗೂ ಪ್ರಮಾಣಿತ ಅಳತೆ. 1957ರಲ್ಲಿ ಪ್ರೆಸಿಷನ್‌ಗೆ ಎರಡು ತುಂಡಾಗಿ ಸೀಳಿದ ಪಿಕಪ್ ಬಂತು, ಈಗ ನಾವು ಪಿ ಬೇಸ್ ಎನ್ನುವುದು ಆ ರೂಪವನ್ನು.

1960ರಲ್ಲಿ ಜಾಝ್ ಬೇಸ್ ಬಂತು. ಎರಡು ಪಿಕಪ್, ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ ಸುಮಾರು 38 ಮಿ.ಮೀ. ಅಗಲದ ತೆಳು ನೆಕ್. ಪಿ ಬೇಸ್‌ನ ನಾದ ದಪ್ಪ, ನಡುವಿನಲ್ಲಿ ಗಟ್ಟಿ. ಒಂದು ವಾಲ್ಯೂಮ್, ಒಂದು ಟೋನ್ ನಾಬ್, ಮುಗಿಯಿತು. ಜೆ ಬೇಸ್‌ನಲ್ಲಿ ಎರಡು ಪಿಕಪ್‌ಗಳನ್ನು ಬೆರೆಸಿ ಹತ್ತು ಬಗೆಯ ನಾದ ತೆಗೆಯಬಹುದು. ಹಿಂದಿನ ಪಿಕಪ್ ಮಾತ್ರ ಇಟ್ಟರೆ ಮೂಗಿನಲ್ಲಿ ಮಾತಾಡಿದಂಥ ಸ್ಪಷ್ಟತೆ ಬರುತ್ತದೆ, ಆದರೆ ಗುಂಯ್ ಶಬ್ದವೂ ಹೆಚ್ಚು. ಎರಡನ್ನೂ ಪೂರ್ತಿ ಏರಿಸಿದರೆ ಆ ಶಬ್ದ ಅಡಗುತ್ತದೆ.

ಗಿಟಾರುಗಳು ಜೋರಾಗಿರುವ ತಂಡದಲ್ಲಿ ನುಡಿಸುವವರಿಗೆ ಪಿ ಕೊಳ್ಳಿ ಎನ್ನುತ್ತೇನೆ. ಭಾವಗೀತೆ, ಗಜಲ್, ಫ್ಯೂಷನ್ ಕಡೆ ಮನಸ್ಸಿದ್ದರೆ ಜೆ. ಒಂದೇ ಬೇಸ್‌ನಲ್ಲಿ ಎರಡೂ ಪಿಕಪ್ ಇರುವ ಪಿಜೆ ಮಾದರಿಗಳೂ ಸಿಗುತ್ತವೆ. ಯಾವ ತಂಡ ಎಂದು ಇನ್ನೂ ಗೊತ್ತಿಲ್ಲದವರಿಗೆ ಅದು ಒಳ್ಳೆಯ ದಾರಿ.

ಆಕ್ಟಿವ್ ಬೇಸ್ ಎಂದರೆ?

ಒಳಗೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸಣ್ಣ ಸರ್ಕ್ಯೂಟ್ ಇರುವ ಬೇಸ್. ವಾದ್ಯದ ಮೇಲೆಯೇ ಕೆಳಗಿನ, ಮೇಲಿನ ನಾದವನ್ನು (ಬೇಸ್, ಟ್ರೆಬಲ್) ಏರಿಸಿ ಇಳಿಸಬಹುದು. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಇದನ್ನು ಜನಪ್ರಿಯ ಮಾಡಿತು. ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ. ಕೇಬಲ್ ಜ್ಯಾಕ್‌ನಲ್ಲಿ ಇರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಕಾರ್ಯಕ್ರಮಕ್ಕೆ ಹೋಗುವಾಗ ಇನ್ನೊಂದು ಬ್ಯಾಟರಿ ಚೀಲದಲ್ಲಿರಲಿ.

ನಾಲ್ಕು ತಂತಿಯೋ ಐದೋ?

ಹೊರದೇಶದ ಪುಸ್ತಕಗಳು ಇದಕ್ಕೆ ಕೊಡುವ ಉತ್ತರ ನಮಗೆ ಪೂರ್ತಿ ಒಗ್ಗುವುದಿಲ್ಲ. ಅಲ್ಲಿ ರಾಕ್ ಹಾಡುಗಳು ಹೆಚ್ಚಾಗಿ ಇ, ಎ, ಡಿ, ಜಿಗಳಲ್ಲಿ ಇರುತ್ತವೆ. ಗಿಟಾರಿನ ಬಿಡಿ ತಂತಿಗೆ (ಎಲ್ಲೂ ಒತ್ತದೆ ಮೀಟುವ ತಂತಿಗೆ) ಒಗ್ಗುವ ಶ್ರುತಿಗಳು ಅವು, ಹಾಗಾಗಿ ಬೇಸ್‌ನ ಬಿಡಿ ತಂತಿಗೂ ಒಗ್ಗುತ್ತವೆ. ನಮ್ಮಲ್ಲಿ ಶ್ರುತಿ ಗೊತ್ತುಮಾಡುವವರು ಗಾಯಕರು. ಭಾವಗೀತೆಯ ಗಾಯಕರು ಬಂದು ಕಪ್ಪು ಒಂದು ಎನ್ನುತ್ತಾರೆ. ಕೀಬೋರ್ಡಿನವರು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತುತ್ತಾರೆ, ಗಿಟಾರಿನವರು ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕುತ್ತಾರೆ. ಬೇಸ್‌ನವರಿಗೆ ಈ ಎರಡೂ ಇಲ್ಲ.

ಕಪ್ಪು ಒಂದು ಎಂದರೆ ಸಿ ಶಾರ್ಪ್. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ಕೆಳಗಿನ ಸಿ ಶಾರ್ಪ್ ಎ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿದೆ, ಸುಮಾರು 69 ಹರ್ಟ್ಜ್. ಷಡ್ಜವೇ ಅಲ್ಲಿ ಕೂತಿರುವಾಗ, ಅದಕ್ಕಿಂತ ಕೆಳಗೆ ಪಂಚಮಕ್ಕೆ ಇಳಿಯಬಹುದು, ಮಂದ್ರ ಷಡ್ಜಕ್ಕೆ ಇಳಿಯಲಾಗದು. ಐದು ತಂತಿಯ ಬೇಸ್‌ನಲ್ಲಿ ಕೆಳಗೊಂದು ಬಿ ತಂತಿ ಇರುತ್ತದೆ, 31 ಹರ್ಟ್ಜ್ ಆಸುಪಾಸು. ಅದರ ಎರಡನೇ ಫ್ರೆಟ್ಟೇ ಸಿ ಶಾರ್ಪ್. ಹಾಡಿನ ಕೊನೆಯಲ್ಲಿ ಷಡ್ಜಕ್ಕೆ ಬಂದು ನಿಲ್ಲುವಾಗ ಅಲ್ಲಿಗೆ ಇಳಿದರೆ ಸಭೆಗೆ ಅದು ಎದೆಯಲ್ಲಿ ಕೇಳಿಸುತ್ತದೆ. ಇದಕ್ಕಿಂತ ಮುಖ್ಯವಾದ ಲಾಭ ಇನ್ನೊಂದಿದೆ: ಐದನೇ ಫ್ರೆಟ್‌ನ ಸುತ್ತ ಕೈ ಇಟ್ಟುಕೊಂಡರೆ ಯಾವ ಶ್ರುತಿ ಬಂದರೂ ಅದೇ ಬೆರಳುಗಾರಿಕೆಯನ್ನು ಮೇಲೆ ಕೆಳಗೆ ಜರುಗಿಸಿ ನುಡಿಸಬಹುದು. ಬಿಡಿ ತಂತಿಯ ಹಂಗು ತಪ್ಪುತ್ತದೆ.

ಹಾಗಾದರೆ ಎಲ್ಲರೂ ಐದೇ ಕೊಳ್ಳಬೇಕೇ? ಬೇಡ. ಐದು ತಂತಿಯದ್ದರ ನೆಕ್ ಅಗಲ, ತೂಕ ಹೆಚ್ಚು, ನುಡಿಸದ ತಂತಿಗಳನ್ನು ಸುಮ್ಮನಿರಿಸುವ ಕೆಲಸವೂ ಹೆಚ್ಚು. ಅಗ್ಗದ ಮಾದರಿಗಳಲ್ಲಿ ಬಿ ತಂತಿ ಸಡಿಲವಾಗಿ, ಸ್ವರ ಗುರುತಿಗೇ ಸಿಗದಂತೆ ಇರುತ್ತದೆ. ಮೊದಲ ಬೇಸ್ ನಾಲ್ಕು ತಂತಿಯದ್ದಿರಲಿ. ಗಾಯಕರ ಜೊತೆ ಕೂತು ನುಡಿಸುವುದೇ ನಿಮ್ಮ ದಾರಿ ಎಂದು ಗೊತ್ತಾದಾಗ ಐದಕ್ಕೆ ಹೋಗಿ.

ನನ್ನ ಕೈ ಚಿಕ್ಕದು. ಮಗಳಿಗೂ ಕಲಿಸಬೇಕೆಂದಿದ್ದೇನೆ, ಅವಳಿಗೆ ಹತ್ತು ವರ್ಷ.

30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ನೋಡಿ. ಫ್ರೆಟ್‌ಗಳು ಹತ್ತಿರ, ತಂತಿಯ ಎಳೆತ ಕಡಿಮೆ. ಇದು ಮಕ್ಕಳ ಆಟಿಕೆ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಪಿಟೀಲಿನ ಆಕಾರದ ಹಾಫ್ನರ್ ಶಾರ್ಟ್ ಸ್ಕೇಲ್ ಬೇಸ್ಸೇ. 1972ರಲ್ಲಿ ಕಳುವಾದ ಆ ವಾದ್ಯ ಮತ್ತೆ ಅವರ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಬಂದಾಗ ಬೇಸ್ ನುಡಿಸುವ ಜನಕ್ಕೆಲ್ಲ ಹಬ್ಬ.

ಎಡಗೈಯವರು ಏನು ಮಾಡಬೇಕು?

ಮೆಕಾರ್ಟ್ನಿ ಎಡಗೈಯವರು. ಎರಡು ಕಡೆಯೂ ಒಂದೇ ಆಕಾರ ಇರುವುದರಿಂದ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣದು ಎನ್ನುವುದೂ ಅವರು ಆ ಹಾಫ್ನರ್ ಆರಿಸಲು ಒಂದು ಕಾರಣ. ನಮ್ಮ ಅಂಗಡಿಗಳಲ್ಲಿ ಎಡಗೈ ಬೇಸ್ ಅಪರೂಪ, ತರಿಸಿಕೊಳ್ಳಬೇಕಾಗುತ್ತದೆ. ಇನ್ನೂ ಏನೂ ಕಲಿತಿಲ್ಲದಿದ್ದರೆ ಬಲಗೈ ಬೇಸ್ಸನ್ನು ಕೆಲವು ದಿನ ಹಿಡಿದು ನೋಡಿ. ಎರಡೂ ಕೈಗೆ ಸಮನಾದ ಕೆಲಸ ಇರುವ ವಾದ್ಯ ಇದು. ಒಗ್ಗದಿದ್ದರೆ ಹಠ ಬೇಡ, ತರಿಸಿಕೊಳ್ಳಿ.

ಹೊಸ ಬೇಸ್ ಬಂದಿದೆ. ತಂತಿ ಗರಗರ ಎನ್ನುತ್ತದೆ, ಒತ್ತಲು ಬೆರಳು ನೋಯುತ್ತದೆ. ವಾಪಸ್ ಕೊಡಲೇ?

ಮೊದಲು ಸೆಟಪ್ ಮಾಡಿಸಿ. ಕಾರ್ಖಾನೆಯಿಂದ ಹೊರಟು, ಹಡಗಿನಲ್ಲಿ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕಳೆದು ನಿಮ್ಮೂರಿಗೆ ಬಂದ ಮರ ಅದು. ನಾಲ್ಕು ತಂತಿಗಳು ಸೇರಿ ನೆಕ್ಕನ್ನು 70 ಕಿಲೋಗೂ ಮಿಕ್ಕಿದ ಬಲದಿಂದ ಎಳೆಯುತ್ತಿರುತ್ತವೆ. ಅದಕ್ಕೆ ಎದುರಾಗಿ ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇದೆ. ಗಾಳಿಯ ತೇವ ಬದಲಾದಾಗ ಈ ಎರಡರ ಸಮತೋಲ ತಪ್ಪುತ್ತದೆ.

ನೀವೇ ಪರೀಕ್ಷಿಸಬಹುದು. ವಾದ್ಯವನ್ನು ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿಯಿರಿ. ಇ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್‌ನಲ್ಲಿ, ಬಲಗೈಯಿಂದ ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಒತ್ತಿ. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿದೆ, ಮೊದಲ ಫ್ರೆಟ್‌ಗಳಲ್ಲಿ ಗರಗರ ಬರುತ್ತದೆ. ಸಂದು ಜಾಸ್ತಿ ಇದ್ದರೆ ಮುಂದಕ್ಕೆ ಬಾಗಿದೆ, ಒತ್ತುವುದು ಕಷ್ಟವಾಗುತ್ತದೆ. ರಾಡ್ ತಿರುಗಿಸುವುದಾದರೆ ಒಮ್ಮೆಗೆ ಕಾಲು ಸುತ್ತು, ಆಮೇಲೆ ಮತ್ತೆ ಶ್ರುತಿ, ಮತ್ತೆ ಅಳತೆ. ಬಿಗಿ ಅನ್ನಿಸಿದ ಕೂಡಲೇ ನಿಲ್ಲಿಸಿ, ಬಲ ಹಾಕಬೇಡಿ. ಇದಾದ ಮೇಲೆಯೇ ಬ್ರಿಡ್ಜಿನಲ್ಲಿ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ತಂತಿಯ ಎತ್ತರ ಹೊಂದಿಸುವುದು: ಹನ್ನೆರಡನೇ ಫ್ರೆಟ್‌ನಲ್ಲಿ ಇ ತಂತಿ ಸುಮಾರು 2.5 ಮಿ.ಮೀ., ಜಿ ತಂತಿ 2 ಮಿ.ಮೀ. ಮೇಲಿದ್ದರೆ ಹೆಚ್ಚಿನವರಿಗೆ ಹಿತ. ಕೊನೆಯಲ್ಲಿ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ, ಬೆರಳು ತಾಕಿಸಿ ಮೀಟಿದ ಸ್ವರ) ಮತ್ತು ಅಲ್ಲೇ ಒತ್ತಿದ ಸ್ವರ ಟ್ಯೂನರಿನಲ್ಲಿ ಒಂದೇ ತೋರಿಸುತ್ತವೆಯೇ ನೋಡಿ. ಒತ್ತಿದ ಸ್ವರ ಏರಿದ್ದರೆ ಆ ತಂತಿಯ ಸ್ಯಾಡಲ್ಲನ್ನು (ಬ್ರಿಡ್ಜಿನಲ್ಲಿ ತಂತಿ ಕೂತಿರುವ ತುಂಡು) ನೆಕ್‌ನಿಂದ ದೂರಕ್ಕೆ ಸರಿಸಬೇಕು.

ಮೊದಲ ಸಲ ಕೈಪಳಗಿದವರ ಹತ್ತಿರ ಮಾಡಿಸಿ, ಪಕ್ಕದಲ್ಲಿ ಕೂತು ನೋಡಿ. ಒಳ್ಳೆಯ ಕೆಲಸಗಾರರು ನೋಡಬೇಡಿ ಎನ್ನುವುದಿಲ್ಲ.

ತಂತಿ ಯಾವುದು ಹಾಕಲಿ? ಎಷ್ಟು ದಿನಕ್ಕೆ ಬದಲಿಸಬೇಕು?

ಅಂಗಡಿಯಿಂದ ಬಂದ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ರೌಂಡ್‌ವೂಂಡ್. ಮೇಲೆ ದುಂಡು ತಂತಿ ಸುತ್ತಿರುತ್ತದೆ, ನಾದ ಹೊಳಪಾಗಿರುತ್ತದೆ, ಬೆರಳು ಜರುಗಿದಾಗ ಸರ್ ಎಂಬ ಸದ್ದು ಬರುತ್ತದೆ. ಫ್ಲಾಟ್‌ವೂಂಡ್‌ನಲ್ಲಿ ಚಪ್ಪಟೆ ಪಟ್ಟಿ ಸುತ್ತಿರುತ್ತದೆ, ನಾದ ಮೆದು, ಗುಂಡಗೆ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರೆಸಿಷನ್‌ನಲ್ಲಿ ಫ್ಲಾಟ್‌ವೂಂಡ್ ಹಾಕಿ, ಬಲಗೈಯ ಒಂದೇ ತೋರುಬೆರಳಿನಿಂದ ನುಡಿಸುತ್ತಿದ್ದರು. ತಂತಿ ಬದಲಿಸುತ್ತಿದ್ದುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಹಳೇ ಚಿತ್ರಗೀತೆ, ಭಾವಗೀತೆ ನುಡಿಸುವವರಿಗೆ ನಾನು ಫ್ಲಾಟ್‌ವೂಂಡ್ ಅನ್ನೇ ಹೇಳುತ್ತೇನೆ. ಬೆಲೆ ಹೆಚ್ಚು, ಆದರೆ ವರ್ಷಗಟ್ಟಲೆ ಬಾಳುತ್ತದೆ. ಗಾಯಕರ ದನಿಗೆ ಅದು ಅಡ್ಡ ಬರುವುದಿಲ್ಲ.

ರೌಂಡ್‌ವೂಂಡ್ ಎಷ್ಟು ದಿನ ಬರುತ್ತದೆ ಎನ್ನುವುದು ನಿಮ್ಮ ಬೆವರು ಮತ್ತು ನಿಮ್ಮ ಊರಿನ ಮೇಲಿದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಹೊಸ ತಂತಿ ಬೇಗ ಮಂಕಾಗುತ್ತದೆ, ಅಲ್ಲಿಯವರು ತೆಳು ಲೇಪ ಇರುವ ಕೋಟೆಡ್ ತಂತಿ ಹಾಕುವುದು ಲೇಸು. ಎಲ್ಲಿದ್ದರೂ ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿ.

ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಆಂಪ್ (ಸದ್ದು ಹಿಗ್ಗಿಸುವ ಪೆಟ್ಟಿಗೆ) ಎಷ್ಟು ವ್ಯಾಟಿನದ್ದು?

ಹೆಡ್‌ಫೋನ್ ಆಂಪ್ ಒಂದು ಸಾಕು. ಬೇಸ್‌ನ ಸದ್ದು ಗೋಡೆ, ನೆಲ ದಾಟಿ ಕೆಳಗಿನ ಮನೆಗೆ ಹೋಗುತ್ತದೆ. ನಿಮಗೆ ಮೆಲ್ಲಗೆ ಅನ್ನಿಸಿದ್ದು ಅವರಿಗೆ ಹಾಗಿರುವುದಿಲ್ಲ. ಸ್ವಂತ ಮನೆಯಾದರೆ 20ರಿಂದ 40 ವ್ಯಾಟಿನ ಬೇಸ್ ಆಂಪ್. ಡ್ರಮ್ಸ್ ಜೊತೆ ತಾಲೀಮಿಗೆ 100 ವ್ಯಾಟಿಗಿಂತ ಹೆಚ್ಚು ಬೇಕಾಗುತ್ತದೆ, ಅದನ್ನು ತಾಲೀಮು ಕೋಣೆಯವರೇ ಇಟ್ಟಿರುತ್ತಾರೆ. ಗಿಟಾರಿನ ಚಿಕ್ಕ ಆಂಪ್‌ಗೆ ಬೇಸ್ ಹಾಕಿ ಜೋರು ಮಾಡಿದರೆ ಸ್ಪೀಕರ್ ಹರಿದುಹೋಗಬಹುದು.

ಪೆಂಡಾಲಿನ ಕಾರ್ಯಕ್ರಮಗಳಲ್ಲಿ ಗುಂಯ್ ಎನ್ನುತ್ತದೆ, ಮೈಕಿಗೆ ತುಟಿ ತಾಕಿದರೆ ಚುರ್ ಎನ್ನುತ್ತದೆ.

ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಿಗೆ ಜನರೇಟರಿನಿಂದಲೋ ಕಂಬದಿಂದಲೋ ತಾತ್ಕಾಲಿಕವಾಗಿ ಎಳೆದ ಲೈನು ಇರುತ್ತದೆ. ಅರ್ಥಿಂಗ್ ಎಷ್ಟೋ ಕಡೆ ಇರುವುದೇ ಇಲ್ಲ. ನಿಮ್ಮ ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಆಂಪಿನ ಲೋಹದ ಚಾಸಿಗೆ ಸೇರಿರುತ್ತವೆ. ಮೈಕಿನ ಲೋಹದ ಜಾಲರಿ ಸೌಂಡಿನವರ ಮಿಕ್ಸರಿಗೆ ಸೇರಿರುತ್ತದೆ. ಎರಡೂ ಬೇರೆ ಬೇರೆ ಲೈನಿನಲ್ಲಿದ್ದು, ಒಂದಕ್ಕೆ ಅರ್ಥ್ ಇಲ್ಲದಿದ್ದರೆ ಆ ಎರಡರ ನಡುವೆ ಕರೆಂಟು ಹರಿಯುವ ದಾರಿ ನಿಮ್ಮ ಕೈ ಮತ್ತು ತುಟಿ. ಮಳೆ ಬಿದ್ದ ನೆಲ, ಬರಿಗಾಲು ಆದರೆ ಪ್ರಾಣಕ್ಕೇ ಅಪಾಯ.

ಸೌಂಡ್ ಚೆಕ್‌ಗೆ ಮೊದಲು ಟೆಸ್ಟರ್ ತೆಗೆದುಕೊಂಡು ಮೈಕಿನ ಜಾಲರಿಗೂ ಬೇಸ್‌ನ ಬ್ರಿಡ್ಜಿಗೂ ಮುಟ್ಟಿಸಿ ನೋಡಿ. ದೀಪ ಹತ್ತಿದರೆ ಹಾಡಬೇಡಿ, ನುಡಿಸಬೇಡಿ. ದೀಪ ಹತ್ತದಿದ್ದರೂ ಪೂರ್ತಿ ನಿಶ್ಚಿಂತೆ ಎಂದಲ್ಲ, ಅರ್ಥಿಂಗ್ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಆಂಪ್, ಮಿಕ್ಸರ್ ಎರಡನ್ನೂ ಒಂದೇ ಅರ್ಥ್ ಇರುವ ಲೈನಿಗೆ ಹಾಕಿಸಿ. ಗುಂಯ್ ನಿಲ್ಲಿಸಲು ತ್ರೀ ಪಿನ್ನಿನ ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವರಿಗಿದೆ. ಜೀವ ಕಾಯುವ ಪಿನ್ ಅದು. ಗುಂಯ್ ನಿಲ್ಲಿಸಲು, ಬೇಸ್‌ನ ಸಿಗ್ನಲ್ಲನ್ನು ಮಿಕ್ಸರಿಗೆ ಕಳಿಸುವ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಗುಂಡಿ ಇದೆ, ಅದು ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಮಾತ್ರ ಬಿಡಿಸುತ್ತದೆ.

ಬೆರಳೋ, ಪಿಕ್ಕೋ, ಸ್ಲ್ಯಾಪೋ?

ತೋರುಬೆರಳು, ನಡುಬೆರಳು ಒಂದಾದ ಮೇಲೊಂದು: ಇದರಿಂದ ಶುರುಮಾಡಿ. ಪಿಕ್ (ತಂತಿ ಮೀಟುವ ಪುಟ್ಟ ತುಂಡು) ಕೀಳು ಎನ್ನುವ ಮಾತಿಗೆ ಕಿವಿಗೊಡಬೇಡಿ, ವೇಗದ ರಾಕ್‌ಗೆ ಅದರ ಸ್ಪಷ್ಟತೆಯೇ ಬೇಕು. ಸ್ಲ್ಯಾಪ್ ಹುಟ್ಟಿದ ಕಥೆ ನನಗಿಷ್ಟ. ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ಹುಡುಗನಾಗಿ ತಾಯಿಯ ತಂಡದಲ್ಲಿ ನುಡಿಸುವಾಗ ಡ್ರಮ್ಮರ್ ಇಲ್ಲದಂತಾಯಿತು. ಕಿಕ್ ಡ್ರಮ್ಮಿನ ಬದಲು ಹೆಬ್ಬೆರಳಿನಿಂದ ತಂತಿ ಹೊಡೆದರು, ಸ್ನೇರ್ ಡ್ರಮ್ಮಿನ ಬದಲು ಬೆರಳಿನಿಂದ ಮೀಟಿ ಎಳೆದರು. ಪಕ್ಕದಲ್ಲಿ ಯಾರಿಲ್ಲವೋ ಅವರ ಕೆಲಸ ಮಾಡಲು ಹುಟ್ಟಿದ್ದು ಅದು. ಡ್ರಮ್ಮರ್ ಇರುವಾಗ ಹಾಡಿನುದ್ದಕ್ಕೂ ಸ್ಲ್ಯಾಪ್ ಮಾಡಿದರೆ ಇಬ್ಬರೂ ಒಂದೇ ಜಾಗಕ್ಕೆ ಜಗಳಾಡಿದಂತೆ.

ಎಡ ಮಣಿಕಟ್ಟು ನೋಯುತ್ತದೆ.

ಬೇಸ್ ಮೊಣಕಾಲಿನವರೆಗೆ ಇಳಿಬಿಟ್ಟಿದ್ದರೆ ಮೇಲಕ್ಕೆತ್ತಿ ಕಟ್ಟಿ. ಕೂತಾಗ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರಲಿ. ಮೊದಲ ಐದು ಫ್ರೆಟ್‌ಗಳಲ್ಲಿ ಬೆರಳಿಗೊಂದು ಫ್ರೆಟ್ ಎಂಬ ನಿಯಮಕ್ಕೆ ಕಟ್ಟುಬೀಳಬೇಡಿ. ಡಬಲ್ ಬೇಸ್‌ನವರ ಹಾಗೆ ತೋರುಬೆರಳು, ನಡುಬೆರಳು, ಕಿರುಬೆರಳು ಬಳಸಿ ಮೂರು ಫ್ರೆಟ್‌ಗಳಷ್ಟೇ ಹರಡಿ, ಬೇಕಾದಾಗ ಕೈಯನ್ನೇ ಜರುಗಿಸಿ. ಬೆರಳು ಜೋಮು ಹಿಡಿದರೆ ಅಥವಾ ನೋವು ರಾತ್ರಿಯೂ ಇದ್ದರೆ ಡಾಕ್ಟರಿಗೆ ತೋರಿಸಿ.

ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುತ್ತದೆ. ಏನು ಅಭ್ಯಾಸ ಮಾಡಲಿ?

ಮೆಟ್ರೊನೋಮ್ 60ಕ್ಕೆ ಇಟ್ಟು ಒಂದೇ ಸ್ವರ ನುಡಿಸಿ. ಪ್ರತಿ ಸ್ವರ ಎಲ್ಲಿ ಶುರುವಾಯಿತು ಎನ್ನುವಷ್ಟೇ ಎಲ್ಲಿ ನಿಂತಿತು ಎನ್ನುವುದನ್ನೂ ಕೇಳಿಸಿಕೊಳ್ಳಿ. ಬೇಸ್ ವಾದಕರ ಗುಣ ತಿಳಿಯುವುದು ಸ್ವರ ನಿಲ್ಲಿಸುವ ಜಾಗದಲ್ಲಿ. ಹತ್ತು ನಿಮಿಷ ಇದಾದರೆ, ಉಳಿದ ಹೊತ್ತು ಒಂದು ಹಾಡನ್ನು ಕಿವಿಯಿಂದ ಇಳಿಸಿಕೊಳ್ಳಿ. ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಎಂದು ಬರೆದ ಹಾಳೆ) ನೋಡಿ ಕಲಿತ ಹತ್ತು ಹಾಡಿಗಿಂತ ಕಿವಿಯಿಂದ ಇಳಿಸಿದ ಒಂದು ಹಾಡು ತಾಲೀಮಿನಲ್ಲಿ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಗಾಯಕರು ಚರಣ ಮರೆತು ಪಲ್ಲವಿಗೆ ಹಾರಿದಾಗ ನಿಮ್ಮನ್ನು ಕಾಪಾಡುವುದು ಕಿವಿ.

ಖಂಡ ಛಾಪು, ಮಿಶ್ರ ಛಾಪುಗಳನ್ನು ಬಾಯಲ್ಲಿ ಹೇಳುತ್ತ ನುಡಿಸಿ. ತಕ ತಕಿಟ ಎಂದು ಹೇಳಿಕೊಂಡ ಐದರ ಲೆಕ್ಕ ಎಣಿಸಿದ ಐದಕ್ಕಿಂತ ಭದ್ರ.

ಫ್ರೆಟ್‌ಲೆಸ್ ಬೇಸ್‌ನಲ್ಲಿ ಗಮಕ ಬರುತ್ತದೆಯೇ?

ಜಾರು ಸೊಗಸಾಗಿ ಬರುತ್ತದೆ. ಕಂಪಿತವೂ ಬರುತ್ತದೆ, ಆದರೆ ತಂತಿ ದಪ್ಪ, ಸ್ವರ ಕೆಳಗೆ. ವೀಣೆಯಲ್ಲಿ ಇರುವಷ್ಟು ವೇಗವಾಗಿ ಮಾಡಿದರೆ ಕಲಸಿಹೋಗುತ್ತದೆ. ನಿಧಾನ ಕಾಲದಲ್ಲಿ, ಮಧ್ಯ ಸ್ಥಾಯಿಗಿಂತ ಮೇಲೆ ಮಾಡಿ. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ತೆಗೆದ ಜಾಝ್ ಬೇಸ್‌ನಲ್ಲಿ ಹಾಡಿಸಿದ ರೀತಿ ಕೇಳಿದರೆ ಆಸೆ ಹುಟ್ಟುತ್ತದೆ. ಅಭ್ಯಾಸಕ್ಕೆ ತಂಬೂರಿ ಆ್ಯಪ್ ಹಾಕಿ ಕೂತುಕೊಳ್ಳಿ. ಟ್ಯೂನರಿನ ಮುಳ್ಳು ನೋಡಿ ಸ್ವರಸ್ಥಾನ ಕಲಿಯಬೇಡಿ, ತಂಬೂರಿಯಲ್ಲಿ ಸ್ವರ ಕರಗುವ ಜಾಗವನ್ನು ಹುಡುಕಿ. ಕರ್ನಾಟಕ ಸಂಗೀತ ಸ್ವಲ್ಪವಾದರೂ ಕಲಿತವರಿಗೆ ಇದು ದೊಡ್ಡ ಆಸ್ತಿ.

ನಮ್ಮ ತಂಡದಲ್ಲಿ ಡೊಳ್ಳು ಇದೆ. ಬೇಸ್ ಮುಳುಗಿಹೋಗುತ್ತದೆ.

ಡೊಳ್ಳಿನ ಗುಂಡು ಸದ್ದು, ತಬಲಾದ ಬಾಯಾಂ ಎರಡೂ ಬೇಸ್ ಇರುವ ಜಾಗದಲ್ಲೇ ಇರುತ್ತವೆ. ನೀವು ವಾಲ್ಯೂಮ್ ಏರಿಸಿದರೆ ಕೆಸರಾಗುತ್ತದೆ. ಒಂದು ಸ್ಥಾಯಿ ಮೇಲೆ ನುಡಿಸಿ, ಆಂಪಿನಲ್ಲಿ ಕೆಳಗಿನದನ್ನು ಇಳಿಸಿ ಮಿಡ್ ಏರಿಸಿ, ಸ್ವರಗಳನ್ನು ಚಿಕ್ಕದಾಗಿ ಕತ್ತರಿಸಿ. ಡೊಳ್ಳು ಒಂಟಿಯಾಗಿ ಎದ್ದು ನಿಲ್ಲುವ ಭಾಗದಲ್ಲಿ ಬೇಸ್ ಪೂರ್ತಿ ನಿಲ್ಲಿಸಿ. ಮತ್ತೆ ಬಂದಾಗ ಆಗುವ ಪರಿಣಾಮ ಯಾವ ಪೆಡಲಿನಿಂದಲೂ ಆಗದು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನು ನೋಡಬೇಕು?

ಹೆಡ್‌ಸ್ಟಾಕ್ (ಕಿವಿ ತಿರುಪುಗಳಿರುವ ತುದಿ) ಕಡೆಯಿಂದ ನೆಕ್ಕಿನುದ್ದಕ್ಕೂ ಕಣ್ಣು ಹಾಯಿಸಿ. ಸ್ವಲ್ಪ ಬಾಗಿದ್ದರೆ ರಾಡ್ ಸರಿಮಾಡುತ್ತದೆ. ಹಗ್ಗದಂತೆ ತಿರುಚಿದ್ದರೆ ಬಿಟ್ಟುಬಿಡಿ. ರಾಡ್ ತಿರುಗುತ್ತದೆಯೇ ಎಂದು ಮಾರುವವರಿಂದಲೇ ತಿರುಗಿಸಿ ನೋಡಿ. ಪ್ರತಿ ತಂತಿಯ ಪ್ರತಿ ಫ್ರೆಟ್ ನಿಧಾನವಾಗಿ ನುಡಿಸಿ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಹತ್ತಿರ ಸ್ವರ ಬೇಗ ಸಾಯುವುದು ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ತೀರಾ ಸತ್ತಿದ್ದರೆ ಬೆಲೆ ಇಳಿಸಿ ಕೇಳಿ. ನಾಬ್ ತಿರುಗಿಸಿದಾಗ ಕರಕರ ಎಂದರೆ ಸ್ಪ್ರೇ ಹೊಡೆದು ಸರಿಮಾಡಬಹುದು. ಫ್ರೆಟ್‌ಗಳಲ್ಲಿ ಗುಳಿ ಬಿದ್ದಿದ್ದರೆ ಖರ್ಚಿನ ಬಾಬತ್ತು.

ಫೆಂಡರ್ ಹೆಸರಿನ ನಕಲಿಗಳು ಬೇಕಾದಷ್ಟಿವೆ. ಲೋಗೋ ಸ್ಟಿಕ್ಕರ್ ನಂಬಬೇಡಿ, ಬೋಲ್ಟ್ ಬಿಚ್ಚಿ ನೆಕ್ಕಿನ ಬುಡದಲ್ಲಿರುವ ಗುರುತು ನೋಡಲು ಒಪ್ಪುವವರಿಂದ ಕೊಳ್ಳಿ.

ಎರಡನೇ ಬೇಸ್ ಯಾವಾಗ? ಸಂಗ್ರಹ ಹೇಗೆ ಶುರುಮಾಡಲಿ?

ಕೈಯಲ್ಲಿರುವ ಬೇಸ್‌ನಲ್ಲಿ ಬಾರದ ನಾದವೊಂದು ಒಂದು ಹಾಡಿಗೆ ಬೇಕಾದಾಗ. ಫ್ಲಾಟ್‌ವೂಂಡ್ ಹಾಕಿದ ಪಿ, ಐದು ತಂತಿಯ ಆಕ್ಟಿವ್, ಒಂದು ಫ್ರೆಟ್‌ಲೆಸ್: ಈ ಮೂರಿದ್ದರೆ ನಮ್ಮಲ್ಲಿ ಕೇಳಿಬರುವ ಬಹುಪಾಲು ಸಂಗೀತಕ್ಕೆ ಸಾಕು. ಅದರಾಚೆಗಿನದ್ದು ಪ್ರೀತಿಗೆ, ಪ್ರೀತಿಗೂ ಬೆಲೆ ಇದೆ. ಆದರೆ ತಿಂಗಳುಗಟ್ಟಲೆ ಚೀಲದಿಂದ ಹೊರಬಾರದ ಬೇಸ್ ಇದ್ದರೆ ಕಲಿಯುವ ಹುಡುಗ ಹುಡುಗಿಯರಿಗೆ ನುಡಿಸಲು ಕೊಡಿ ಅಥವಾ ಮಾರಿ.

ಹಳೆಯ ವಾದ್ಯಗಳ ಲೋಕದಲ್ಲಿ 1965 ಒಂದು ಗಡಿ. ಆ ವರ್ಷದ ಜನವರಿಯಲ್ಲಿ ಲಿಯೋ ಫೆಂಡರ್ ಕಂಪನಿಯನ್ನು ಅಮೆರಿಕದ ದೊಡ್ಡ ಕಂಪನಿ ಸಿಬಿಎಸ್‌ಗೆ ಮಾರಿದರು. ಅದಕ್ಕೆ ಹಿಂದಿನವು ಹವ್ಯಾಸಿಗಳ ಕೈಗೆಟುಕುವ ಬೆಲೆಯಲ್ಲಿಲ್ಲ. ಕೈಗೆಟುಕಬಹುದಾದ ಹಳೆಯ ಬೇಸ್ ಬೇಕೆಂದರೆ ಜಪಾನಿನದ್ದು ನೋಡಿ. ಅಲ್ಲಿ 1982ರಲ್ಲಿ ಶುರುವಾದ ಸ್ಕ್ವಾಯರ್‌ಗಳು ಎಷ್ಟು ಚೆನ್ನಾಗಿದ್ದವೆಂದರೆ ಈಗ ಅವಕ್ಕೂ ಸಂಗ್ರಾಹಕರಿದ್ದಾರೆ. ಹಳೆಯದನ್ನು ಕೊಂಡರೆ ಹೊಸ ಬಣ್ಣ ಹೊಡೆಸಬೇಡಿ. ಪಿಕಪ್, ನಾಬ್, ತಿರುಪು ಯಾವುದನ್ನು ಬದಲಿಸಿದರೂ ಮೂಲದ್ದನ್ನು ಚೀಟಿ ಬರೆದು ಚೀಲದಲ್ಲಿ ಎತ್ತಿಡಿ. ವಾದ್ಯದ ಜೊತೆ ಅದೂ ಹೋಗಬೇಕು.

ಫಿಂಗರ್‌ಬೋರ್ಡಿನ ರೋಸ್‌ವುಡ್ ನಮ್ಮ ಬೀಟೆಯೇ?

ನೆಕ್ಕಿನ ಮೇಲೆ ಬೆರಳೊತ್ತುವ ಮರದ ಪಟ್ಟಿಯೇ ಫಿಂಗರ್‌ಬೋರ್ಡು. ಹೌದು, ಬಹಳಷ್ಟು ಸಲ. ಮೊದಲು ಫೆಂಡರ್‌ನವರು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು, 60ರ ದಶಕ ಮುಗಿಯುವ ಹೊತ್ತಿಗೆ ಭಾರತದ್ದಕ್ಕೆ ಬಂದಿದ್ದರು. ಅದು ನಮ್ಮ ಪಶ್ಚಿಮ ಘಟ್ಟದ, ಕೊಡಗು, ಉತ್ತರ ಕನ್ನಡದ ಕಾಡುಗಳ ಬೀಟೆಯ ಜಾತಿಯೇ. ಈಗ ಅದು ಅಪಾಯದಲ್ಲಿರುವ ಮರ. 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದಡಿ ಬೀಟೆ ಸೇರಿರುವ ಇಡೀ ಡಾಲ್ಬರ್ಜಿಯಾ ಕುಲದ ಮೇಲೆ ನಿಯಂತ್ರಣ ಬಂತು, 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ಗೊಂದಲದಲ್ಲಿ ಅಗ್ಗದ ಬೇಸ್‌ಗಳಿಗೆ ಬಂದ ಇಂಡಿಯನ್ ಲಾರೆಲ್ ಕೂಡ ನಮಗೆ ಹೊಸದಲ್ಲ, ಅದು ಮತ್ತಿ ಮರ. ನಾದದಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ. ಬೀಟೆ ಉಳಿಯುವುದಾದರೆ ಮತ್ತಿಯ ಬೇಸ್ ನುಡಿಸಲು ನನಗೆ ಸಂತೋಷವೇ.

ಮಳೆಗಾಲದಲ್ಲಿ ಹೇಗೆ ಇಡಬೇಕು?

ಮಲೆನಾಡು, ಕರಾವಳಿಯಲ್ಲಿ ಗೋಡೆಗೆ ತೂಗುಹಾಕಬೇಡಿ, ಗೋಡೆಯ ತೇವ ಹೀರುತ್ತದೆ. ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ವಾರಕ್ಕೊಮ್ಮೆ ತೆಗೆದು ನುಡಿಸಿ. ಫಿಂಗರ್‌ಬೋರ್ಡಿಗೆ ತೆಂಗಿನೆಣ್ಣೆ ಬೇಡ, ಕಾಲಕ್ರಮೇಣ ಕಮಟುತ್ತದೆ. ಅದಕ್ಕೆಂದೇ ಸಿಗುವ ಎಣ್ಣೆಯನ್ನು ವರ್ಷಕ್ಕೆ ಒಂದೆರಡು ಸಲ, ಬಟ್ಟೆಯಲ್ಲಿ ಎರಡೇ ಹನಿ.

ಜೊತೆಗೆ ನುಡಿಸುವವರು ಸಿಗುವುದು ಹೇಗೆ?

ಬೇಸ್‌ನವರಿಗೆ ಇದು ಸುಲಭ. ಗಿಟಾರಿನವರು, ಗಾಯಕರು ಎಲ್ಲ ಊರಲ್ಲೂ ಇದ್ದಾರೆ, ಬೇಸ್‌ನವರು ಕಡಿಮೆ. ಆಫೀಸಿನ ಕನ್ನಡ ಸಂಘ, ಚರ್ಚಿನ ಗಾಯನ ತಂಡ, ಸುಗಮ ಸಂಗೀತ ಕಲಿಸುವ ಮನೆಗಳು, ತಾಲೀಮು ಕೋಣೆಗಳ ನೋಟಿಸ್ ಬೋರ್ಡು ಎಲ್ಲ ಕಡೆ ವಿಚಾರಿಸಿ. ಎಷ್ಟೋ ತಂಡಗಳಲ್ಲಿ ಕೀಬೋರ್ಡಿನವರ ಎಡಗೈಯೇ ಬೇಸ್ ನುಡಿಸುತ್ತಿರುತ್ತದೆ. ನೀವು ಹೋದರೆ ಆ ಕೈಗೆ ಬಿಡುವು. ಮೊದಲ ಭೇಟಿಗೆ ಮೂರು ಹಾಡು ಗೊತ್ತುಮಾಡಿಕೊಂಡು, ಗಾಯಕರ ಶ್ರುತಿ ಯಾವುದೆಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿಕೊಳ್ಳಿ. ಟ್ಯೂನರ್, ಎರಡು ಕೇಬಲ್, ಹಾಡಿನ ಕಾರ್ಡ್ ಬರೆದ ಹಾಳೆ ಚೀಲದಲ್ಲಿರಲಿ. ಅಲ್ಲಿ ಹೋದ ಮೇಲೆ ಡ್ರಮ್ಮರ್‌ನ ಬಲಗಾಲು ಕಾಣುವ ಜಾಗದಲ್ಲಿ ನಿಂತುಕೊಳ್ಳಿ.